ವಾಫಲ್ ಗರಿಗರಿಯಾಗಿ ಉಳಿಯಬೇಕೆಂದರೆ ಹಬೆಗೆ ದಾರಿ ಬಿಡಬೇಕು

ನೀವು ಕೇಳಿದ್ದು ಇಷ್ಟು: ರೆಡಿಮೇಡ್ ಮಿಕ್ಸ್ ಬೇಡ, ಎಲ್ಲವನ್ನೂ ಮನೆಯಲ್ಲೇ ಕಲಸಿ ಮಾಡಬೇಕು, ನಾಲ್ಕು ಜನರ ಬೆಳಗಿನ ತಿಂಡಿಗೆ ಸಾಕಾಗಬೇಕು, ವಾಫಲ್ ಒಳಗೆ ಹಗುರವಾಗಿ, ಹೊರಗೆ ಗರಿಗರಿಯಾಗಿ ಇರಬೇಕು. ಈಗ ನೀವು ಮಾಡುತ್ತಿರುವುದು ಮೇಕರ್‌ನಿಂದ ತೆಗೆದಾಗ ಚೆನ್ನಾಗಿರುತ್ತದೆ, ಎಲ್ಲರೂ ಬಂದು ಕೂರುವ ಹೊತ್ತಿಗೆ ಮೆತ್ತಗಾಗಿಬಿಡುತ್ತದೆ.

ತೆಗೆದಾಗ ಚೆನ್ನಾಗಿರುತ್ತದೆ ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ನಿಮ್ಮ ಹಿಟ್ಟು ತೀರಾ ಕೆಟ್ಟದಾಗಿಲ್ಲ. ತೆಗೆದ ಮೇಲೆ ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ಆದ್ದರಿಂದ ಅಳತೆಗಿಂತ ಮೊದಲು ನೀರಿನ ವಿಷಯ ಹೇಳುತ್ತೇನೆ.

ವಾಫಲ್ ಹಿಟ್ಟಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರೇ ಇರುತ್ತದೆ. ಕಾದ ಅಚ್ಚು ತಾಗಿದ ಕೂಡಲೇ ಅದು ಹಬೆಯಾಗಿ ಹೊರಡುತ್ತದೆ. ಹೊರಪದರದಲ್ಲಿ ನೀರು ಇರುವತನಕ ಅಲ್ಲಿಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಅದು ಆರಿದ ಮೇಲೆಯೇ ಬಿಸಿ ಮೇಲೇರಿ, 140 ಡಿಗ್ರಿಯ ಆಸುಪಾಸಿನಲ್ಲಿ ಹೊಂಬಣ್ಣವೂ ಘಮವೂ ಬರಲು ಶುರುವಾಗುತ್ತದೆ. ಒಳಭಾಗ ಮಾತ್ರ ತೇವವಾಗಿಯೇ ಇರುತ್ತದೆ, ಇರಲೂ ಬೇಕು. ಹೊರಗೆ ತೆಗೆದ ಮೇಲೂ ಆ ತೇವ ಹಬೆಯಾಗಿ ಬರುತ್ತಲೇ ಇರುತ್ತದೆ. ಬಿಸಿ ವಾಫಲನ್ನು ತಣ್ಣನೆಯ ತಟ್ಟೆಯ ಮೇಲಿಟ್ಟರೆ ಅಡಿಯ ಹಬೆಗೆ ಹೋಗಲು ಜಾಗವಿಲ್ಲ. ತಟ್ಟೆಗೆ ಬಡಿದು, ನೀರಾಗಿ, ಮತ್ತೆ ವಾಫಲ್‌ಗೇ ಸೇರುತ್ತದೆ. ಬೇಕಿದ್ದರೆ ಎತ್ತಿ ನೋಡಿ, ತಟ್ಟೆಯ ಮೇಲೆ ಚೌಕಚೌಕವಾಗಿ ನೀರಿನ ಗುರುತು ಮೂಡಿರುತ್ತದೆ. ಒಂದರ ಮೇಲೊಂದು ಪೇರಿಸಿದರಂತೂ ಒಂದರ ಹಬೆ ಇನ್ನೊಂದನ್ನು ನೆನೆಸುತ್ತದೆ. ಬಿಸಿ ಆರದಿರಲಿ ಅಂತ ಮೇಲೆ ಮುಚ್ಚಳ ಮುಚ್ಚುವುದು ಇನ್ನೂ ಕೆಟ್ಟದ್ದು.

ಹಾಗಾಗಿ ಮೊದಲು ಒಂದು ತಂತಿ ಜಾಲರಿ ಹೊಂದಿಸಿಕೊಳ್ಳಿ, ಕೇಕ್ ಆರಿಸಲು ಬಳಸುತ್ತಾರಲ್ಲ ಅಂಥದ್ದು. ಓವನ್ ಇದ್ದರೆ ಅದನ್ನು 100 ಡಿಗ್ರಿಗೆ ಇಟ್ಟು, ಜಾಲರಿಯನ್ನು ಒಳಗೇ ಇಡಿ. ಆದ ವಾಫಲ್‌ಗಳನ್ನು ಒಂದೊಂದಾಗಿ, ಒಂದಕ್ಕೊಂದು ತಾಗದಂತೆ ಅದರ ಮೇಲೆ ಹರಡಿ. ಇಪ್ಪತ್ತು ನಿಮಿಷವಾದರೂ ಏನೂ ಆಗುವುದಿಲ್ಲ, ಮೇಲ್ಪದರ ಇನ್ನಷ್ಟು ಒಣಗಿ ಚೆನ್ನಾಗಿಯೇ ಆಗುತ್ತದೆ. ಎಲ್ಲರೂ ಒಟ್ಟಿಗೆ ಕೂತು ತಿನ್ನಬೇಕು ಅನ್ನುವ ನಿಮ್ಮ ಆಸೆಗೆ ಇದೊಂದೇ ದಾರಿ. ಓವನ್ ಇಲ್ಲದಿದ್ದರೆ ಜಾಲರಿಯ ಮೇಲೆ ಒಂದೆರಡು ನಿಮಿಷ ಬಿಟ್ಟು, ಆದಂತೆ ಆದಂತೆ ಬಡಿಸಿಬಿಡಿ.

ಈಗ ಅಳತೆ. ನಾಲ್ಕು ಜನರಿಗೆ ಮೈದಾ 200 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಇವಿಷ್ಟು ಒಣ ಸಾಮಾನು. ಇನ್ನೊಂದು ಪಾತ್ರೆಯಲ್ಲಿ ಗಟ್ಟಿ ಮೊಸರು 200 ಗ್ರಾಂ, ಹಾಲು 200 ಮಿ.ಲೀ., ಎರಡು ಮೊಟ್ಟೆಯ ಹಳದಿ, ವಾಸನೆಯಿಲ್ಲದ ಎಣ್ಣೆ 100 ಮಿ.ಲೀ. ಎರಡು ಮೊಟ್ಟೆಯ ಬಿಳಿ ಮಾತ್ರ ಬೇರೆ. ಸಾಧಾರಣ ಗಾತ್ರದ ಏಳೆಂಟು ವಾಫಲ್ ಆಗುತ್ತವೆ.

ಕಾರ್ನ್‌ಫ್ಲೋರ್ ಅಂದರೆ ಮುಟ್ಟಿದರೆ ಕಿರುಗುಟ್ಟುವ ಬಿಳಿ ಪಿಷ್ಟದ ಪುಡಿ. ಹಳದಿ ಮೆಕ್ಕೆಜೋಳದ ಹಿಟ್ಟಲ್ಲ, ಅದು ಬೇರೆಯೇ ಕೆಲಸ ಮಾಡುತ್ತದೆ. ಮೈದಾಕ್ಕೆ ನೀರು ತಾಗಿ ಕಲಸಿದಾಗ ಗ್ಲುಟನ್ ಹುಟ್ಟಿ ಹಿಟ್ಟಿಗೆ ಜಿಗುಟು ಬರುತ್ತದೆ. ಜಿಗುಟು ಹೆಚ್ಚಿದಷ್ಟೂ ವಾಫಲ್ ಅಗಿಯುವಂತಾಗುತ್ತದೆ. ಕಾರ್ನ್‌ಫ್ಲೋರ್‌ನಲ್ಲಿ ಗ್ಲುಟನ್ ಇಲ್ಲ, ಬರೀ ಪಿಷ್ಟ. ಹಾಗಾಗಿ ಐದರಲ್ಲಿ ಒಂದು ಪಾಲು ಅದನ್ನು ಸೇರಿಸಿದರೆ ಹೊರಪದರ ತೆಳ್ಳಗೆ, ಪಟ್ಟನೆ ಮುರಿಯುವಂತೆ ಒಣಗುತ್ತದೆ.

ಎಣ್ಣೆ ಜಾಸ್ತಿಯಾಯಿತು ಅನ್ನಿಸಬಹುದು. ದಯವಿಟ್ಟು ಕಡಿಮೆ ಮಾಡಬೇಡಿ. ಹಿಟ್ಟಿನಲ್ಲಿರುವ ಕೊಬ್ಬೇ ಅಚ್ಚಿನ ಒಂದೊಂದು ಗುಳಿಯಲ್ಲೂ ಹೊರಪದರವನ್ನು ಕರಿದಂತೆ ಮಾಡುವುದು, ಅಂಟದಂತೆ ನೋಡಿಕೊಳ್ಳುವುದೂ ಅದೇ. ಬೆಣ್ಣೆ ಹಾಕಿದರೆ ರುಚಿ ಹೆಚ್ಚು ಅನ್ನುವುದು ನಿಜ, ಆದರೆ ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು 80 ಮಾತ್ರ, ಉಳಿದದ್ದರಲ್ಲಿ ಬಹುಪಾಲು ನೀರು. ನೀರನ್ನು ಓಡಿಸಲು ಹೊರಟವರು ಇನ್ನಷ್ಟು ನೀರು ಯಾಕೆ ಸುರಿಯಬೇಕು? ನನಗೆ ಇಷ್ಟವಾದದ್ದು ಮುಕ್ಕಾಲು ಪಾಲು ಎಣ್ಣೆ, ಕಾಲು ಪಾಲು ಕರಗಿಸಿದ ತುಪ್ಪ. ಬೆಣ್ಣೆಯ ಘಮವೂ ಸಿಗುತ್ತದೆ, ನೀರೂ ಇಲ್ಲ. ತುಪ್ಪ ಹಾಕುವುದಾದರೆ ಹಾಲು, ಮೊಸರು ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬಾರದು, ತುಪ್ಪ ಕಾಳುಕಾಳಾಗಿ ಹೆಪ್ಪುಗಟ್ಟುತ್ತದೆ.

ಸಕ್ಕರೆ ಇಷ್ಟೇ ಸಾಕು. ಹೆಚ್ಚಾದರೆ ಒಳಗಿನ ನೀರು ಆರುವ ಮೊದಲೇ ಹೊರಗೆ ಬಣ್ಣ ಬಂದುಬಿಡುತ್ತದೆ. ಬಣ್ಣ ನೋಡಿ ಆಯಿತು ಅಂತ ತೆಗೆದರೆ ಎರಡೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಸಿಹಿ ಬೇಕೆನ್ನುವವರು ತಟ್ಟೆಗೆ ಬಂದ ಮೇಲೆ ಜೇನೋ ಸಿರಪ್ಪೋ ಹಾಕಿಕೊಳ್ಳಲಿ. ಮೊಸರಿನ ಹುಳಿ ಸೋಡಾ ಜೊತೆ ಸೇರಿ ಗಾಳಿಗುಳ್ಳೆ ಕೊಡುತ್ತದೆ, ಒಂದು ಸಣ್ಣ ಹುಳಿರುಚಿಯೂ ಉಳಿಯುತ್ತದೆ. ಆದ್ದರಿಂದ ಮೊಸರು ಬಿಟ್ಟು ಬರೀ ಹಾಲು ಹಾಕುವುದಾದರೆ ಸೋಡಾವನ್ನೂ ಬಿಟ್ಟು, ಬೇಕಿಂಗ್ ಪೌಡರನ್ನು ಎರಡೂವರೆ ಟೀ ಚಮಚಕ್ಕೆ ಏರಿಸಿ.

ಕಲಸುವ ಮೊದಲೇ ಮೇಕರ್ ಕಾಯಲು ಇಡಿ. ದೀಪ ಬಂದ ಕೂಡಲೇ ಹಿಟ್ಟು ಹುಯ್ಯಬೇಡಿ, ಇನ್ನೂ ಐದು ನಿಮಿಷ ಬಿಡಿ. ಫಲಕಗಳು ಪೂರ್ತಿ ದಪ್ಪಕ್ಕೂ ಕಾದಿರಬೇಕು, ಇಲ್ಲದಿದ್ದರೆ ತಣ್ಣನೆಯ ಹಿಟ್ಟು ಬಿದ್ದಾಗ ಬಿಸಿ ಕುಸಿದು ಮೊದಲ ವಾಫಲ್ ಬೇಯುವ ಬದಲು ಬೆವರುತ್ತದೆ. ಮೊದಲನೆಯದು ಯಾವಾಗಲೂ ಹಾಳಾಗುತ್ತದೆ ಅನ್ನುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಒಣ ಸಾಮಾನಿನ ನಡುವೆ ಗುಳಿ ಮಾಡಿ ದ್ರವವನ್ನೆಲ್ಲ ಒಮ್ಮೆಲೇ ಹಾಕಿ, ಒಣ ಹಿಟ್ಟು ಕಾಣದಂತಾಗುವಷ್ಟು ಮಾತ್ರ ತಿರುಗಿಸಿ. ಸಣ್ಣಪುಟ್ಟ ಗಂಟು ಇದ್ದರೆ ಇರಲಿ. ನುಣ್ಣಗಾಗಲಿ ಅಂತ ಬೀಟರ್ ಹಿಡಿದು ಹೊಡೆದರೆ ಜಿಗುಟು ಬಂದು, ಕಾರ್ನ್‌ಫ್ಲೋರ್ ಹಾಕಿದ್ದೂ ದಂಡ.

ಹಗುರ ಬರುವುದು ಮೊಟ್ಟೆಯ ಬಿಳಿಯಿಂದ. ಇಲ್ಲಿ ಅವಸರ ಮಾಡಬೇಡಿ. ಮೊಟ್ಟೆ ತಣ್ಣಗಿರುವಾಗ ಹಳದಿ, ಬಿಳಿ ಬೇರೆ ಮಾಡುವುದು ಸುಲಭ, ಆದರೆ ಬಿಳಿ ಚೆನ್ನಾಗಿ ನೊರೆಯಾಗುವುದು ತಣ್ಣಗಿಲ್ಲದಾಗ. ಬೇರೆ ಮಾಡಿ ಸ್ವಲ್ಪ ಹೊತ್ತು ಹೊರಗಿಡಿ. ಪಾತ್ರೆಯಲ್ಲಿ ಎಣ್ಣೆಯ ಪಸೆ ಇರಬಾರದು, ಹಳದಿಯ ಒಂದು ತೊಟ್ಟು ಬಿದ್ದರೂ ನೊರೆ ಏಳಲು ಸತಾಯಿಸುತ್ತದೆ. ಹೊಡೆಯುತ್ತಾ ಹೋದಂತೆ ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ಸಣ್ಣ ಗುಳ್ಳೆಗಳು, ಆಮೇಲೆ ಹೊಳೆಯುವ ದಟ್ಟ ಬಿಳಿ ನೊರೆ. ವಿಸ್ಕ್ ಮೇಲೆತ್ತಿದಾಗ ನೊರೆಯ ತುದಿ ಎದ್ದು ನಿಂತು ಸ್ವಲ್ಪವೇ ಬಾಗಿದರೆ ಹದ. ಅಲ್ಲಿಗೆ ನಿಲ್ಲಿಸಿ. ಇನ್ನೂ ಹೊಡೆದರೆ ಹೊಳಪು ಹೋಗಿ ಒಣಒಣ ಉಂಡೆಗಳಾಗುತ್ತದೆ, ಮತ್ತೆ ಹಿಟ್ಟಿನಲ್ಲಿ ಬೆರೆಯುವುದಿಲ್ಲ. ಮೊದಲು ಮೂರನೇ ಒಂದು ಭಾಗ ನೊರೆ ಹಾಕಿ ಹಿಟ್ಟನ್ನು ಸಡಿಲ ಮಾಡಿ, ಉಳಿದದ್ದನ್ನು ಅಗಲ ಚಮಚದಿಂದ ಅಡಿಯಿಂದ ಮೇಲಕ್ಕೆ ಮಗುಚುತ್ತಾ ಸೇರಿಸಿ. ಅಲ್ಲಲ್ಲಿ ಬಿಳಿ ಗೆರೆ ಕಾಣುತ್ತಿದ್ದರೂ ಸಾಕು. ಈ ಹಿಟ್ಟು ಕಾಯುವುದಿಲ್ಲ. ಹೊತ್ತು ಹೋದಂತೆ ನೊರೆ ಇಳಿಯುತ್ತದೆ, ಅದಕ್ಕೇ ಮೇಕರ್ ಮೊದಲು ಕಾದಿರಬೇಕು ಅಂದದ್ದು.

ಅಚ್ಚಿಗೆ ಬ್ರಷ್‌ನಿಂದ ತೆಳ್ಳಗೆ ಎಣ್ಣೆ ಸವರಿ. ಡಬ್ಬಿಯ ಕುಕಿಂಗ್ ಸ್ಪ್ರೇ ಬೇಡ, ಅದರಲ್ಲಿ ಸಾಮಾನ್ಯವಾಗಿ ಇರುವ ಲೆಸಿಥಿನ್ ಎಂಬ ಕೊಬ್ಬಿನಂಥ ಪದಾರ್ಥ ನಾನ್‌ಸ್ಟಿಕ್ ಮೇಲೆ ಅಂಟಂಟಾಗಿ ಕೂತು ಕ್ರಮೇಣ ವಾಫಲೇ ಕಿತ್ತುಬರದಂತೆ ಮಾಡುತ್ತದೆ. ಹಿಟ್ಟನ್ನು ಮಧ್ಯಕ್ಕೆ ಹಾಕಿ, ಅಂಚಿಗೆ ಸ್ವಲ್ಪ ಜಾಗ ಬಿಟ್ಟು ಹರಡಿ, ಮುಚ್ಚಿ. ಮುಚ್ಚಿದ ಮೇಲೆ ಗಡಿಯಾರಕ್ಕಿಂತ ಹಬೆಯನ್ನು ನೋಡಿ. ಮೊದಲು ನಾಲ್ಕೂ ಕಡೆಯಿಂದ ಬುಸಬುಸನೆ ಬರುತ್ತದೆ. ಆ ಹೊತ್ತಿನಲ್ಲಿ ತೆಗೆದರೆ ವಾಫಲ್ ಮೇಲಿನ ಅರ್ಧ ಮೇಲಕ್ಕೆ, ಕೆಳಗಿನ ಅರ್ಧ ಕೆಳಕ್ಕೆ ಅಂಟಿಕೊಂಡು ಸೀಳುತ್ತದೆ. ನಾಲ್ಕೈದು ನಿಮಿಷಕ್ಕೆ ಹಬೆ ನೂಲಿನಷ್ಟಾಗುತ್ತದೆ. ಆಗ ಮೆಲ್ಲಗೆ ಎತ್ತಿ ನೋಡಿ, ಬಿಗಿ ಅನ್ನಿಸಿದರೆ ಬಲವಂತ ಬೇಡ, ಇನ್ನರ್ಧ ನಿಮಿಷ ಬಿಡಿ. ಬೆಂದದ್ದು ತಾನಾಗಿ ಬಿಟ್ಟುಕೊಳ್ಳುತ್ತದೆ. ಮೇಕರ್‌ನ ದೀಪ ಆಯಿತು ಅಂದರೂ ಹಬೆ ಇನ್ನೂ ಬರುತ್ತಿದ್ದರೆ ನಾನು ಹಬೆಯನ್ನೇ ನಂಬುತ್ತೇನೆ.

ಮೊಟ್ಟೆ ತಿನ್ನದವರಿಗೂ ಆಗುತ್ತದೆಯೇ ಅಂತಲೂ ಕೇಳಿದ್ದೀರಿ. ಆಗುತ್ತದೆ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು, ಉಪ್ಪು ಹಾಕಿರದಿದ್ದರೆ, ಲೋಳೆಯಾಗುವಷ್ಟು ಕುದಿಸಿ ಇಂಗಿಸಿ, ತಣಿಸಿ. ಅದನ್ನು ಆರು ದೊಡ್ಡ ಚಮಚ ತೆಗೆದುಕೊಂಡು ಬೀಟರ್‌ನಿಂದ ಹೊಡೆದರೆ ಮೊಟ್ಟೆಯ ಬಿಳಿಯಂತೆಯೇ ನೊರೆ ಏಳುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಹಳದಿಯ ಬದಲಿಗೆ ಏನೂ ಬೇಡ. ಮೊಟ್ಟೆಯದ್ದಕ್ಕಿಂತ ಬಣ್ಣ ತುಸು ಪೇಲವ, ಗರಿಗರಿಯಲ್ಲಿ ಕೊರತೆಯಿಲ್ಲ.

ನೀವು ಅಂತರ್ಜಾಲದಲ್ಲಿ ನೋಡಿ ಗೊಂದಲಪಟ್ಟ ಬೆಲ್ಜಿಯನ್ ವಾಫಲ್ ವಿಷಯ. ಬೆಲ್ಜಿಯಂನಲ್ಲಿ ಆ ಹೆಸರಿನ ಒಂದೇ ತಿಂಡಿ ಇಲ್ಲ. ಬ್ರಸೆಲ್ಸ್ ವಾಫಲ್ ತೆಳು ಹಿಟ್ಟಿನದ್ದು, ಆಯತಾಕಾರ, ಹಗುರ, ಗರಿಗರಿ. ಲಿಯೇಜ್ ವಾಫಲ್ ಯೀಸ್ಟ್ ಹಾಕಿ ನಾದಿದ ಗಟ್ಟಿ ಕಣಕದ್ದು, ಒಳಗೆ ಸಕ್ಕರೆಯ ಹರಳು, ಅಗಿಯುವಂಥದ್ದು. ಹೊರಗೆ ಬೆಲ್ಜಿಯನ್ ಅಂತ ಹೆಸರಾದದ್ದು 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಸ್ಟ್ರಾಬೆರಿ, ಕ್ರೀಮ್ ಹಾಕಿ ಮಾರಿದ ಬ್ರಸೆಲ್ಸ್ ಬಗೆಯದು. ನಿಮಗೆ ಬೇಕಾದದ್ದೂ ಅದೇ ದಾರಿಯದ್ದು. ಲಿಯೇಜ್ ರೆಸಿಪಿ ಹಿಡಿದು ಹಗುರ ಬರಲಿಲ್ಲ ಅಂತ ಕೊರಗಬೇಡಿ.

ಬೆಳಿಗ್ಗೆ ಹೊತ್ತಿಲ್ಲದವರು ಹಿಂದಿನ ರಾತ್ರಿಯೇ ಒಣ ಸಾಮಾನು ಅಳೆದು ಡಬ್ಬಿಯಲ್ಲಿ ಮುಚ್ಚಿಡಿ, ಜಾಲರಿ ತೆಗೆದು ಕಣ್ಣಿಗೆ ಕಾಣುವಲ್ಲಿ ಇಡಿ. ದ್ರವ ಬೆರೆಸಿಡಬೇಡಿ, ಸೋಡಾದ ಶಕ್ತಿ ರಾತ್ರಿಯೇ ಮುಗಿದುಹೋಗುತ್ತದೆ. ರಾತ್ರಿಯೇ ಕಲಸಲೇಬೇಕು ಅಂದರೆ ಸೋಡಾ, ಬೇಕಿಂಗ್ ಪೌಡರ್ ಬಿಟ್ಟು ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್ ಹಾಕಿ, ಮೊಸರಿನ ಬದಲು ಅಷ್ಟೇ ಉಗುರುಬೆಚ್ಚಗಿನ ಹಾಲು ಹಾಕಿ, ಒಂದು ಗಂಟೆ ಹೊರಗಿಟ್ಟು ಫ್ರಿಜ್‌ಗೆ ಸೇರಿಸಿ. ಪಾತ್ರೆ ದೊಡ್ಡದಿರಲಿ, ಉಬ್ಬುತ್ತದೆ. ಮೊಟ್ಟೆಯ ಹಳದಿ, ಬಿಳಿ ಎರಡೂ ಬೆಳಿಗ್ಗೆ ಸೇರಿಸಿದರಾಯಿತು. ಇದರ ರುಚಿ ಆಳವಾದದ್ದು, ರಜೆಯ ದಿನ ಒಮ್ಮೆಯಾದರೂ ಮಾಡಿ ನೋಡಿ.

ಮಿಕ್ಕ ವಾಫಲನ್ನು ಜಾಲರಿಯ ಮೇಲೆ ಪೂರ್ತಿ ಆರಲು ಬಿಟ್ಟು, ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ತುಂಬಿ. ಬೇಕಾದಾಗ ಕರಗಿಸದೆ ನೇರವಾಗಿ ಟೋಸ್ಟರ್‌ಗೆ ಹಾಕಿ. ಮೈಕ್ರೋವೇವ್ ಮಾತ್ರ ಬೇಡ, ಒಳಗಿನ ತೇವವನ್ನೆಲ್ಲ ಹೊರಪದರಕ್ಕೆ ತಂದುಬಿಡುತ್ತದೆ.