ಟ್ರಂಕಿನಲ್ಲಿ ಉಳಿದ ಮದುವೆಗಳು

ಓದುಗರ ಪತ್ರ: ನಮ್ಮಪ್ಪ ಗಂಗಾವತಿಯಲ್ಲಿ 1988ರಿಂದ ಇಪ್ಪತ್ತು ವರ್ಷ ವಿಡಿಯೋ ಲೈಬ್ರರಿ ನಡೆಸಿದರು. ಮೊದಲು ಕ್ಯಾಸೆಟ್, ಆಮೇಲೆ ಸಿಡಿ. ಜೊತೆಗೆ ಮದುವೆ ಶೂಟಿಂಗ್. ಅಂಗಡಿ ಮುಚ್ಚಿದ ಮೇಲೂ ಅವರದು ಒಂದೇ ಮಾತು: "ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ, ತಪ್ಪು ನಂದೇ." ಹೋದ ವರ್ಷ ತೀರಿಕೊಂಡರು. ನಿಜಕ್ಕೂ ಅವರ ತಪ್ಪಾ? ಅಟ್ಟದ ಮೇಲೆ ಎರಡು ಟ್ರಂಕ್ ಕ್ಯಾಸೆಟ್ ಇವೆ. ಅಣ್ಣ ಗುಜರಿಗೆ ಹಾಕು ಅಂತಾನೆ. ಏನು ಮಾಡಲಿ? (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ: ತಂಗಿ, ಮೊದಲು ಅಣ್ಣನಿಗೆ ಹೇಳಿ, ಈ ಉತ್ತರ ಓದಿ ಮುಗಿಸುವವರೆಗೆ ಗುಜರಿಯವನನ್ನು ಕರೆಯಬೇಡ ಅಂತ. ಟ್ರಂಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಪ್ಪನ ಮಾತು ಮೊದಲು.

ನಾನು ಬಳ್ಳಾರಿಯವನು. ನಿಮ್ಮ ಅಪ್ಪನ ಅಂಗಡಿ ನೋಡಿದ ನೆನಪಿಲ್ಲ, ಆದರೆ ಅಂಥ ಅಂಗಡಿಗಳಲ್ಲೇ ಬೆಳೆದವನು. ಆಗ ಜನ ಕ್ಯಾಸೆಟ್ ಒಂದನ್ನೇ ಒಯ್ಯುತ್ತಿರಲಿಲ್ಲ. ಟೀವಿ, ಡೆಕ್ಕು (ಕ್ಯಾಸೆಟ್ ಓಡಿಸುವ ವಿಸಿಆರ್), ಮೂರು ಕ್ಯಾಸೆಟ್, ಎಲ್ಲ ಸೇರಿ ಒಂದು ರಾತ್ರಿಗೆ ಬಾಡಿಗೆ. ಜೊತೆಗೆ ಅಂಗಡಿಯ ಹುಡುಗನೊಬ್ಬ. ಊರವರು ಪಟ್ಟಿ ಎತ್ತಿ, ಹನುಮಪ್ಪನ ಗುಡಿ ಮುಂದೆ ಟೀವಿ ಇಟ್ಟು, ಬೆಳಗಿನವರೆಗೆ ನೋಡುವುದು. ಕರೆಂಟು ಹೋದರೆ ಎಲ್ಲರೂ ಅಲ್ಲಲ್ಲೇ ಮಲಗುವುದು, ಬಂದ ಕೂಡಲೇ ಏಳುವುದು. ಚಿತ್ರದ ಮೇಲೆ ಗೆರೆ ಓಡತೊಡಗಿದರೆ ಆ ಹುಡುಗ ಡೆಕ್ಕಿನ ಮುಚ್ಚಳ ಬಿಚ್ಚಿ, ಗರಿಗರಿ ನೋಟೊಂದನ್ನು ಮಡಚಿ, ಟೇಪು ಓದುವ ಹೆಡ್ ಒರೆಸುತ್ತಿದ್ದ. ನಮಗೆಲ್ಲ ಅವನೇ ಎಂಜಿನಿಯರು.

ನಿಮ್ಮ ಕಡೆ ವ್ಯಾಪಾರಕ್ಕೆ ಇನ್ನೊಂದು ಬಲ ಇತ್ತು. ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಸುಗ್ಗಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಕ್ಯಾಂಪಿಗೆ ತೆಲುಗು, ಹಳ್ಳಿಗೆ ಅಣ್ಣಾವ್ರು, ಪೇಟೆಯವರಿಗೆ ಹಿಂದಿ. ಯಾರಿಗೆ ಯಾವುದು ಅಂತ ಗೊತ್ತಿರಬೇಕಾಗಿದ್ದದ್ದು ಅಂಗಡಿಯವನಿಗೆ. ಈ ತಿಳಿವಳಿಕೆಯೇ ಅವರ ಅರ್ಧ ಬಂಡವಾಳ.

ಈಗ ಲೆಕ್ಕ ಹಾಕಿ. 90ರ ದಶಕದಲ್ಲಿ ಕೇಬಲ್ ಬಂತು. ಕೇಬಲ್‌ನವನು ರಾತ್ರಿ ಹತ್ತಕ್ಕೆ ತನ್ನ ಡೆಕ್ಕಿನಲ್ಲಿ ಒಂದೇ ಕ್ಯಾಸೆಟ್ ಹಾಕಿದರೆ ಇಡೀ ಓಣಿ ನೋಡುತ್ತಿತ್ತು. ಆಮೇಲೆ ಸಿಡಿ, ಅಗ್ಗದ ಚೀನಾ ಪ್ಲೇಯರು. ನಿಮ್ಮ ಅಪ್ಪ ಸಿಡಿಗೆ ಬಂದರು ಅಂತ ನೀವೇ ಬರೆದಿದ್ದೀರಿ. ಅಂದರೆ ಕೈಯಿಂದ ದುಡ್ಡು ಹಾಕಿ ಕೊಂಡ ಕ್ಯಾಸೆಟ್ಟನ್ನೆಲ್ಲ ಬದಿಗಿಟ್ಟು, ಮತ್ತೆ ದುಡ್ಡು ಹಾಕಿ ಅವೇ ಸಿನಿಮಾಗಳನ್ನು ಸಿಡಿಯಲ್ಲಿ ತಂದರು. ಇದು ಬದಲಾವಣೆ ಅಲ್ವಾ? ಆಗ ಸಿಡಿಯೊಂದಕ್ಕೆ ದಿನಕ್ಕೆ ಹತ್ತು ರೂಪಾಯಿ ಬಾಡಿಗೆ ಕೊಟ್ಟ ನೆನಪು ನನಗೆ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. ಮೂರು ದಿನದ ಬಾಡಿಗೆಗೆ ಸಿನಿಮಾವೇ ಸ್ವಂತ! ಇದಕ್ಕೆ ಯಾವ ಲೈಬ್ರರಿಯವನು ಏನು ಮಾಡಿಯಾನು? ನಿಮ್ಮ ಅಪ್ಪ ಆ ಹೊತ್ತಿಗೇ ಬಾಗಿಲು ಹಾಕಿದ್ದಾರೆ ನೋಡಿ. ತಪ್ಪು ಮಾಡಿದವರ ಲಕ್ಷಣ ಅಲ್ಲ ಅದು, ಲೆಕ್ಕ ಬಲ್ಲವರ ಲಕ್ಷಣ.

ಮುಂದುವರಿಸಿದ್ದರೆ ಏನಾಗುತ್ತಿತ್ತು? ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹತ್ತು ಸಿನಿಮಾ ತುಂಬಿ ಕೊಡತೊಡಗಿದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅವರ ಆ ಕಸುಬೂ ಮುಗಿಯಿತು. ಅಂದಹಾಗೆ, ಮೋಸರ್ ಬೇರ್ ಕೂಡ ಉಳಿಯಲಿಲ್ಲ.

ಒಂದು ಮಾತು ಮುಚ್ಚಿಡಬಾರದು. ಅಂದಿನ ಲೈಬ್ರರಿಗಳಲ್ಲಿ ಕಾಪಿ ಮಾಲು ಜಾಸ್ತಿ ಇರುತ್ತಿತ್ತು. ನಾವೂ ಗೊತ್ತಿದ್ದೇ ತರುತ್ತಿದ್ದೆವು. ಕಾಪಿಯಿಂದ ಬದುಕಿದ ವ್ಯಾಪಾರವನ್ನು ಕೊನೆಗೆ ಇನ್ನೂ ಅಗ್ಗದ ಕಾಪಿಯೇ ತಿಂದಿತು. ನಿಮ್ಮ ಅಪ್ಪನ ಅಂಗಡಿಯ ಮಾತು ಇದಲ್ಲ, ಆ ಕಾಲದ ಮಾತು.

ಇನ್ನು ಕೈತುಂಬ ದುಡ್ಡು ಇದ್ದವರ ಕತೆ ನೋಡಿ. ಅಮೆರಿಕದಲ್ಲಿ ಬ್ಲಾಕ್‌ಬಸ್ಟರ್ ಅಂತ ಕ್ಯಾಸೆಟ್ ಬಾಡಿಗೆಯ ಕಂಪನಿ. 1985ರಲ್ಲಿ ಡಲ್ಲಾಸ್‌ನಲ್ಲಿ ಒಂದು ಅಂಗಡಿ, 2004ರ ಹೊತ್ತಿಗೆ 9,000ಕ್ಕೂ ಹೆಚ್ಚು. 2000ನೇ ಇಸವಿಯಲ್ಲಿ ನೆಟ್‌ಫ್ಲಿಕ್ಸ್‌ನವರು ಅದರ ಬಾಗಿಲಿಗೇ ಹೋಗಿ, 5 ಕೋಟಿ ಡಾಲರಿಗೆ ನಮ್ಮನ್ನು ಕೊಂಡುಕೊಳ್ಳಿ ಎಂದಿದ್ದರು. ಬೇಡ ಅಂದುಬಿಟ್ಟರು. 2010ರ ಸೆಪ್ಟೆಂಬರಿನಲ್ಲಿ ಬ್ಲಾಕ್‌ಬಸ್ಟರ್ ದಿವಾಳಿ. ಈಗ ಒರೆಗಾನ್ ರಾಜ್ಯದ ಬೆಂಡ್ ಎಂಬ ಊರಲ್ಲಿ ಆ ಹೆಸರಿನ ಒಂದೇ ಒಂದು ಅಂಗಡಿ ಉಳಿದಿದೆ, ಜನ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ.

ಎಲ್ಲರೂ ಇದನ್ನು "ಇಂಟರ್ನೆಟ್ ನುಂಗಿತು" ಅಂತ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ನೆಟ್‌ಫ್ಲಿಕ್ಸ್ ಶುರುವಾದದ್ದು ಅಂಚೆಯಲ್ಲಿ ಡಿವಿಡಿ ಕಳಿಸುವ ಅಂಗಡಿಯಾಗಿ. ಇಂಟರ್ನೆಟ್ಟಿನಲ್ಲಿ ಸಿನಿಮಾ ತೋರಿಸಲು ಹೊರಟದ್ದು 2007ರಲ್ಲಿ. ಬ್ಲಾಕ್‌ಬಸ್ಟರಿನ ತಲೆ ಮೇಲೆ ಅಷ್ಟರಲ್ಲಾಗಲೇ ಸಾಲದ ಹೊರೆ ಇತ್ತು. ಮತ್ತೆ ಆ ಕಂಪನಿ ತಡ ಮಾಡಿದವರ ದಂಡವನ್ನೂ ಬಹಳ ನೆಚ್ಚಿಕೊಂಡಿತ್ತು. 2000ನೇ ಇಸವಿ ಒಂದರಲ್ಲೇ ದಂಡದಿಂದ ಬಂದದ್ದು ಸುಮಾರು 80 ಕೋಟಿ ಡಾಲರು. ಗಿರಾಕಿ ಬೈದುಕೊಂಡು ಕೊಡುವ ದುಡ್ಡು ಅದು. ದಂಡವೇ ಹಾಕದ ನೆಟ್‌ಫ್ಲಿಕ್ಸ್ ಬಂದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದು ಹೋದರು. ನಮ್ಮ ಬಳ್ಳಾರಿಯ ಅಂಗಡಿಯವರೂ ದಂಡದ ಬೋರ್ಡು ಹಾಕಿದ್ದರು. ವಸೂಲಿ ಮಾಡಿದ್ದನ್ನು ಮಾತ್ರ ನಾನು ಕಾಣೆ. "ನಾಳೆ ಮರೀದೆ ತಂದ್ಕೊಡಪಾ" ಅಷ್ಟೇ.

ನಮ್ಮ ದೇಶದ ದೊಡ್ಡ ಅಂಗಡಿಗಳದೂ ಹೀಗೇ. ಚೆನ್ನೈನ ಸುಭಿಕ್ಷಾ ಎಂಬ ದಿನಸಿ ಕಂಪನಿ ದೇಶದ ತುಂಬ ಸುಮಾರು 1,600 ಮಳಿಗೆ ತೆರೆದು 2009ರಲ್ಲಿ ಮುಚ್ಚಿತು. ಬಿಗ್ ಬಜಾರ್ ಬಾಡಿಗೆ ಕಟ್ಟಲಾರದೆ 2022ರಲ್ಲಿ ಮಳಿಗೆ ಬಿಟ್ಟುಕೊಡಬೇಕಾಯಿತು. ಎರಡೂ ಕಡೆ ಸಾಲ ಮಾಡಿ ಬೆಳೆದದ್ದೇ ಉರುಳಾಯಿತು. ಪಕ್ಕದ ಸಂದಿಯ ಕಿರಾಣಿ ಅಂಗಡಿ ಉದ್ರಿ ಪುಸ್ತಕ ಇಟ್ಟುಕೊಂಡು ಇವತ್ತಿಗೂ ನಡೆದಿದೆ.

ಸರಿ, ಈಗ ಟ್ರಂಕು.

ಸಿನಿಮಾ ಕ್ಯಾಸೆಟ್‌ಗಳನ್ನು ಅಣ್ಣನ ಇಷ್ಟಕ್ಕೆ ಬಿಡಿ. ಅವುಗಳಲ್ಲಿ ಹೆಚ್ಚಿನವು ಫೋನಿನಲ್ಲೇ ಸಿಗುತ್ತವೆ. ನೆನಪಿಗೆ ನಾಲ್ಕು ಇಟ್ಟುಕೊಳ್ಳಿ, ಅಪ್ಪನ ಕೈಬರಹದ ಲೇಬಲ್ ಇರುವಂಥವು. ಆದರೆ ಮದುವೆ ಕ್ಯಾಸೆಟ್‌ಗಳನ್ನು ಬೇರೆ ತೆಗೆದಿಡಿ. ಶೂಟಿಂಗ್ ಮಾಡುವವರು ಮಾಸ್ಟರ್ ಕ್ಯಾಸೆಟ್ ತಮ್ಮಲ್ಲಿಟ್ಟುಕೊಂಡು ಕಾಪಿ ಕೊಡುತ್ತಿದ್ದುದು ರೂಢಿ. ಹಾಗಾಗಿ ಗಂಗಾವತಿ ಸುತ್ತಿನ ಎಷ್ಟೋ ಮನೆಗಳ ಮದುವೆ ಈಗ ಉಳಿದಿದ್ದರೆ ನಿಮ್ಮ ಅಟ್ಟದ ಮೇಲೆ ಮಾತ್ರ ಉಳಿದಿದೆ.

ಕಿಟಕಿಯಂಥ ಪಾರದರ್ಶಕ ಭಾಗದಲ್ಲಿ ಟೇಪನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿ ಅಥವಾ ಜೇಡರ ಬಲೆಯಂಥದ್ದು ಕಂಡರೆ ಅದು ಬೂಸ್ಟು. ಅಂಥದ್ದನ್ನು ಡೆಕ್ಕಿಗೆ ಹಾಕಲೇಬೇಡಿ, ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಬೇರೆ ಚೀಲದಲ್ಲಿ ಹಾಕಿ, ತಿಳಿದವರ ಕೈಗೆ ಕೊಡಿ. ಚೆನ್ನಾಗಿರುವುದನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ ಇಡಿ. ಅಟ್ಟದಿಂದ ಮಾತ್ರ ಇಳಿಸಿ, ನಮ್ಮ ಬೇಸಿಗೆಯ ಬಿಸಿಗೆ ಟೇಪು ತಡೆಯುವುದಿಲ್ಲ. ಸ್ಪೀಕರ್ ಹತ್ತಿರ ಬೇಡ, ಅದರೊಳಗೆ ಅಯಸ್ಕಾಂತ ಇರುತ್ತದೆ. ಮೂರು ತಾಸಿನ ಕ್ಯಾಸೆಟ್ಟಿನಲ್ಲಿ ಕಾಲು ಕಿಲೋಮೀಟರಿಗೂ ಉದ್ದ ಟೇಪು ಸುತ್ತಿರುತ್ತದೆ, ಹಾಕುವ ಮುಂಚೆ ಕೊನೆವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ. ಬೆನ್ನಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ತುಣುಕು ಇನ್ನೂ ಇದ್ದರೆ ಮುರಿದುಬಿಡಿ. ಆಗ ಅದರ ಮೇಲೆ ಇನ್ನೇನೂ ರೆಕಾರ್ಡ್ ಆಗುವುದಿಲ್ಲ. ಈ ತುಣುಕಿನ ವಿಷಯ ಯಾಕೆ ಹೇಳಿದೆ ಅಂತ ಆಮೇಲೆ ಹೇಳುತ್ತೇನೆ.

ಕಂಪ್ಯೂಟರಿಗೆ ಹಾಕಿಸುವ ಕೆಲಸ ಅವಸರದ್ದಲ್ಲ. ಮೂರು ತಾಸಿನ ಕ್ಯಾಸೆಟ್ಟಿಗೆ ಮೂರು ತಾಸೇ ಬೇಕು. ಆದರೆ ತೀರ ಮುಂದೂಡಲೂ ಬೇಡಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ನಿಲ್ಲಿಸಿತು. ಇರುವ ಡೆಕ್ಕುಗಳು ಕೆಟ್ಟರೆ ರಿಪೇರಿ ಮಾಡುವವರೂ ಕಡಿಮೆ. ಅಪ್ಪನ ಡೆಕ್ಕು ಮನೆಯಲ್ಲಿದ್ದರೆ ಅದನ್ನೂ ಗುಜರಿಗೆ ಕೊಡಬೇಡಿ.

ಇನ್ನೊಂದು. ಅವೆಲ್ಲ ಬೇರೆಯವರ ಮನೆಯ ಮದುವೆಗಳು. ಚೆನ್ನಾಗಿದೆ ಅಂತ ಯೂಟ್ಯೂಬಿಗೆ ಹಾಕಬೇಡಿ, ವಾಟ್ಸಾಪಿನಲ್ಲಿ ಹರಿಬಿಡಬೇಡಿ. ಲೇಬಲ್ ನೋಡಿ ಮನೆ ಹುಡುಕಿ, ಅವರ ಕೈಗೇ ಕೊಡಿ. ಖರ್ಚು ಕೇಳಿದರೆ ತಪ್ಪಿಲ್ಲ.

ಈಗ ತುಣುಕಿನ ವಿಷಯ. ನಮ್ಮ ಅಕ್ಕನನ್ನು ಕೊಟ್ಟದ್ದು ನಿಮ್ಮ ಕಡೆಗೇ. 1994ರ ಮೇ ತಿಂಗಳು, ಗಂಗಾವತಿಯಲ್ಲೇ ಮದುವೆ, ಊರಿನ ಯಾವುದೋ ಅಂಗಡಿಯವರೇ ಶೂಟ್ ಮಾಡಿದ್ದರು. ಮನೆಗೆ ಬಂದ ಕ್ಯಾಸೆಟ್ಟಿನ ತುಣುಕು ಯಾರೂ ಮುರಿದಿರಲಿಲ್ಲ. 1996ರ ವಿಶ್ವಕಪ್ಪಿನಲ್ಲಿ ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನ ಪಂದ್ಯ ನಡೆಯಿತಲ್ಲ, ಭಾವ ಯಾರದೋ ವಿಸಿಆರ್ ತಂದು ಕೈಗೆ ಸಿಕ್ಕ ಕ್ಯಾಸೆಟ್ ಹಾಕಿ ರೆಕಾರ್ಡ್ ಒತ್ತಿಬಿಟ್ಟರು. ಈಗ ಅದರಲ್ಲಿ ಅರಿಶಿಣದ ಶಾಸ್ತ್ರ ಇದೆ. ತಾಳಿ ಕಟ್ಟುವ ಜಾಗದಲ್ಲಿ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲನ ಸ್ಟಂಪ್ ಹಾರಿಸುತ್ತಾರೆ. ಅಕ್ಕ ಇವತ್ತಿಗೂ ಕ್ರಿಕೆಟ್ ನೋಡುವುದಿಲ್ಲ.

ಧಾರೆ ಹೊತ್ತಿನಲ್ಲಿ ನಮ್ಮ ಅವ್ವ ಹಸಿರು ಸೀರೆ ಉಟ್ಟು ಓಡಾಡಿದ್ದಳು. ಅವಳು ನಡೆದಾಡುವ ಚಿತ್ರ ನಮ್ಮ ಮನೆಯಲ್ಲಿ ಬೇರೆಲ್ಲೂ ಇಲ್ಲ. ಟ್ರಂಕು ಇಳಿಸಿದಾಗ ಲೇಬಲ್‌ಗಳನ್ನು ಒಮ್ಮೆ ನೋಡಿ. "ಬಳ್ಳಾರಿ ಪಾರ್ಟಿ, ಮೇ 94" ಅಂತೇನಾದರೂ ಇದ್ದರೆ ಪತ್ರಿಕೆ ಆಫೀಸಿಗೆ ಒಂದು ಸಾಲು ಬರೆಯಿರಿ. ಮರುದಿನದ ಮೊದಲ ಬಸ್ಸಿಗೆ ನಾನೇ ಬರುತ್ತೇನೆ.