ಒಂದೇ ರೇಸ್ ಪ್ರಸಾರ ಇಟ್ಟುಕೊಂಡು ಅಂಗಡಿ ನಡೆಸಬಹುದೇ?

ಇಂಗ್ಲೆಂಡಿನಲ್ಲಿ ಸಣ್ಣ ಬೆಟ್ಟಿಂಗ್ ಅಂಗಡಿ ಕೊಳ್ಳಲಿದ್ದೀರಿ, ಕುದುರೆ ರೇಸಿನ ಎರಡು ನೇರಪ್ರಸಾರಗಳ ಬದಲು ಅಗ್ಗದ ಒಂದೇ ಸಾಕೇ ಎಂದು ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ನಾನು ಲೆಸ್ಟರ್‌ನಲ್ಲಿ ಅಂಗಡಿ ಕಳೆದುಕೊಂಡೆ.

ಚೆಲ್ಟನ್‌ಹ್ಯಾಮ್, ಏಂಟ್ರಿಯಂಥ ಹೆಸರಾಂತ ಮೈದಾನಗಳ ಪ್ರಸಾರ ಹಕ್ಕು ಒಂದು ಗುಂಪಿನ ಬಳಿ ಇತ್ತು. 2017ರಿಂದ ವುಲ್ವರ್‌ಹ್ಯಾಂಪ್ಟನ್, ಲಿಂಗ್‌ಫೀಲ್ಡ್, ಸೌತ್‌ವೆಲ್‌ಗಳ ಹಕ್ಕು ದಿ ರೇಸಿಂಗ್ ಪಾರ್ಟ್‌ನರ್‌ಶಿಪ್ ಎಂಬ ಇನ್ನೊಂದು ಗುಂಪಿಗೆ ಹೋಯಿತು. ಏಂಟ್ರಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಓಟ ತೋರಿಸಿದರೆ ಸಾಲದೇ, ಸೌತ್‌ವೆಲ್‌ನ ಮರಳಿನಲ್ಲಿ ಓಡುವ ಆರನೇ ದರ್ಜೆಯ ಕುದುರೆಗಳನ್ನು ಯಾರು ನೋಡುತ್ತಾರೆ ಎಂದುಕೊಂಡು ಎರಡನೆಯದರ ಚಂದಾ ಕೈಬಿಟ್ಟೆ.

ಇದನ್ನು ತುಸು ಬಿಡಿಸಿಯೇ ಹೇಳಬೇಕು. ಗ್ರ್ಯಾಂಡ್ ನ್ಯಾಷನಲ್‌ಗೆ ಬರುವವರು ವರ್ಷಕ್ಕೊಮ್ಮೆ ಬರುವವರು. ಅಂಗಡಿಯ ಬಾಡಿಗೆ ಹುಟ್ಟುವುದು ಜನವರಿಯ ಮಂಗಳವಾರವೂ ಬಂದು ಕೂರುವ ನಿವೃತ್ತರಿಂದ. ಆ ದಿನಗಳಲ್ಲಿ ಹುಲ್ಲುನೆಲ ಹೆಪ್ಪುಗಟ್ಟಿದರೆ ಅಲ್ಲಿನ ಓಟಗಳು ರದ್ದಾಗುತ್ತವೆ, ಕೃತಕ ನೆಲದ ಮೈದಾನಗಳಷ್ಟೇ ಉಳಿಯುತ್ತವೆ. ಅವುಗಳಲ್ಲಿ ಹೆಚ್ಚಿನವು ನಾನು ಕೈಬಿಟ್ಟ ಚಂದಾದಲ್ಲೇ ಇದ್ದವು! ಚಿತ್ರವಿಲ್ಲದೆಯೂ ಬೆಟ್ ತೆಗೆದುಕೊಳ್ಳಬಹುದು, ನಿಜ. ಆದರೆ ಮಧ್ಯಾಹ್ನ ಎರಡಕ್ಕೆ ನಡೆದ ಓಟದಲ್ಲಿ ಗೆದ್ದವನ ಕಣ್ಣೆದುರು ಕೆಲವೇ ನಿಮಿಷಗಳಲ್ಲಿ ಇನ್ನೊಂದು ಓಟ ಬಂದರೆ ಮಾತ್ರ ಆ ಹಣ ಕೌಂಟರಿಗೆ ಮರಳುತ್ತದೆ. ಬರದಿದ್ದರೆ ಅವನ ಜೇಬಿನಲ್ಲಿ ಬಾಗಿಲು ದಾಟುತ್ತದೆ. ಅದೇ ನೋಟು ಸಂಜೆಯವರೆಗೆ ಸುತ್ತುತ್ತಿದ್ದರೆ ಮಾತ್ರ ನಮ್ಮ ಪಾಲು ಉಳಿಯುವುದು. ನನ್ನ ಗಿರಾಕಿಗಳು ಜಗಳವಾಡಲಿಲ್ಲ, ದೂರಲೂ ಇಲ್ಲ. ಎದುರಿನ ದೊಡ್ಡ ಸರಣಿಯ ಅಂಗಡಿಗೆ ಹೋದರು. ಹೋಗುವಾಗ ಶನಿವಾರದ ಫುಟ್‌ಬಾಲ್ ಬೆಟ್ಟುಗಳನ್ನೂ ಜೊತೆಗೆ ಒಯ್ದರು. ಮತ್ತೆ ಚಂದಾ ಕಟ್ಟಿದೆ, ಅವರು ಮರಳಲಿಲ್ಲ. ಆ ತೆರಪನ್ನು ಕಂಪ್ಯೂಟರ್ ಹುಟ್ಟಿಸುವ ನಕಲಿ ಕುದುರೆ ಓಟಗಳಿಂದ ತುಂಬಿಸಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುದುರೆಗಳ ಹಿಂದಿನ ಓಟಗಳ ದಾಖಲೆ (ಫಾರ್ಮ್) ಓದಿ ಬೆಟ್ ಕಟ್ಟುವ ಮುದುಕರಿಗೆ ಅದು ಅವಮಾನ.

ಹಾಗಾಗಿ ಎರಡರಲ್ಲಿ ಯಾವುದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡಕ್ಕೂ ಹಣವಿಲ್ಲದಿದ್ದರೆ ಅಂಗಡಿ ಕೊಳ್ಳಬೇಡಿ. ಹಿಂದೆ ಅಂಗಡಿ ಮೂಲೆಯ ಜೂಜಿನ ಯಂತ್ರಗಳೇ ಪ್ರಸಾರದ ಬಿಲ್ ತೀರಿಸುತ್ತಿದ್ದವು. 2019ರ ಏಪ್ರಿಲ್‌ನಲ್ಲಿ ಅವುಗಳ ಗರಿಷ್ಠ ಪಣ 100 ಪೌಂಡ್‌ನಿಂದ 2 ಪೌಂಡ್‌ಗೆ ಇಳಿದ ಮೇಲೆ ಆ ಆಸರೆಯೂ ಇಲ್ಲ. ಮಾರುವವರು ಚೆಲ್ಟನ್‌ಹ್ಯಾಮ್‌ನ ದೊಡ್ಡ ಓಟಗಳ ವಾರದ ವಹಿವಾಟು ತೋರಿಸಿ ಮರುಳು ಮಾಡುತ್ತಾರೆ. ಜನವರಿಯ ಯಾವುದಾದರೂ ಮಂಗಳವಾರದ ಬೆಟ್ ಚೀಟಿಗಳನ್ನು ಕೇಳಿ ಪಡೆದು, ಅವುಗಳಲ್ಲಿ ಯಾವ ಮೈದಾನಗಳ ಹೆಸರಿದೆ ಎಂದು ಮೊದಲು ಓದಿ.