3,500 ಮೀಟರ್‌ನಲ್ಲಿ ಅಪ್ಪನಿಗೆ ತಲೆನೋವು, ವಾಕರಿಕೆ: ನಾಳೆ ಶಿಖರಕ್ಕೆ ಹತ್ತಬಹುದಾ?

ಇದು ಎತ್ತರದ ತೊಂದರೆಯೇ ಇರಬೇಕು, ವಯಸ್ಸಿನದಲ್ಲ. ಒಂದೇ ದಿನದಲ್ಲಿ 900 ಮೀಟರ್ ಏರಿದ್ದೀರಿ, ಅದು ಜಾಸ್ತಿಯಾಯಿತು. ನೀರು ಸಾಲದಿದ್ದರೂ ಹೀಗಾಗಬಹುದು, ಆದರೂ ಎತ್ತರದ್ದೇ ಅಂತ ತಿಳಿದು ನಡೆದುಕೊಳ್ಳಿ. ನಾಳೆ ಹತ್ತಬೇಡಿ. ಅಲ್ಲೇ ವಿಶ್ರಾಂತಿ ಕೊಡಿ, ಮದ್ಯ, ನಿದ್ದೆ ಮಾತ್ರೆ ಬೇಡ. ತಲೆನೋವು ಪೂರ್ತಿ ಹೋದ ಮೇಲಷ್ಟೇ ಹೊರಡಿ, ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರದಿರಲಿ.

ನನ್ನ ಅಮ್ಮ ನನಗೆ ಬೇಸರವಾಗುತ್ತದೆ ಅಂತ ತಲೆನೋವನ್ನು ಮುಚ್ಚಿಟ್ಟಿದ್ದರು, ಹಾಗಾಗಿ ಬಿಡಿಸಿ ಕೇಳಿ. ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗುವಂತೆ ಹೆಜ್ಜೆ ಇಡಿಸಿ, ಅಪ್ಪನನ್ನು ನೇರ ಗೆರೆಯಲ್ಲಿ ನಡೆಸಿ ನೋಡಿ. ತೂರಾಡಿದರೆ, ಮಾತು ತಡವರಿಸಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯದೆ ಜೊತೆಗಿದ್ದು ಕನಿಷ್ಠ 300 ಮೀಟರ್ ಕೆಳಗಿಳಿಸಿ, ವೈದ್ಯರಿಗೆ ತೋರಿಸಿ.